ಪಿಎಚ್‌ಡಿಗೆ ಮೊದಲು ನಾನು ಬೋರರ್ ಎಣಿಸಿದ್ದು

ಹಾಸನದಲ್ಲಿ ಎಂಎಸ್ಸಿ ಪ್ರಾಣಿಶಾಸ್ತ್ರಕ್ಕೆ ಸೇರಿದಾಗ ಸಂಶೋಧನೆ ಅಂದರೆ ಬೆಂಗಳೂರಿನ ದೊಡ್ಡ ಲ್ಯಾಬು ಅಂದುಕೊಂಡಿದ್ದೆ. ಮೊದಲ ವರ್ಷ ಸಿಕ್ಕಸಿಕ್ಕವರಿಗೆಲ್ಲ ಮೇಲ್ ಹಾಕಿದೆ. ಎಲ್ಲರಿಗೂ ಒಂದೇ ಪತ್ರ, ಹೆಸರು ಮಾತ್ರ ಬೇರೆ. ಒಬ್ಬರೂ ಉತ್ತರ ಕೊಡಲಿಲ್ಲ. ಯಾಕಾದರೂ ಕೊಡಬೇಕು, ಅಲ್ವಾ?

ಕೊನೆಗೆ ನಮ್ಮ ಮೇಡಂ ಕೇಳಿದರು, "ನಿಮ್ಮದು ಮೂಡಿಗೆರೆ ಕಡೆ ಕಾಫಿ ತೋಟ ಅಂದೆಯಲ್ಲಮ್ಮ, ಬೋರರ್ ಕಾಟ ಇಲ್ವಾ?"

ಇಲ್ಲದೆ ಏನು! ಬೋರರ್ ಅಂದರೆ ಬಿಳಿ ಕಾಂಡಕೊರಕ. ಅದರ ದುಂಬಿ ಅರೇಬಿಕಾ ಕಾಫಿ ಗಿಡದ ತೊಗಟೆ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ, ಹುಳ ಒಳಗೆ ಕೊರೆಯುತ್ತಾ ಹೋದ ಹಾಗೆ ಹೊರಗೆ ತೊಗಟೆ ಗೆರೆಯಾಗಿ ಉಬ್ಬುತ್ತದೆ. ನೆರಳು ಕಡಿಮೆ ಇದ್ದ ಕಡೆ ಜಾಸ್ತಿ ಅಂತ ತೋಟದವರೆಲ್ಲ ಹೇಳುತ್ತಾರೆ. ನಮ್ಮ ತೋಟದಲ್ಲಿ ಎಷ್ಟು ಜಾಸ್ತಿ? ನನ್ನ ಪ್ರಾಜೆಕ್ಟ್ ಇಷ್ಟೇ.

ಶನಿವಾರ ಬೇಲೂರು ಮೇಲೆ ಬಸ್ಸಲ್ಲಿ ಊರಿಗೆ, ಭಾನುವಾರ ಗೆರೆ ಎದ್ದ ಗಿಡಗಳ ಎಣಿಕೆ. ಮೊದಲ ತಿಂಗಳ ಕೆಲಸ ಪೂರ್ತಿ ದಂಡ. ಬಿಸಿಲಿನ ಪಟ್ಟಿಯಲ್ಲಿದ್ದದ್ದು ಅಜ್ಜ ಹಾಕಿದ ಗಿಡ, ನೆರಳಲ್ಲಿದ್ದದ್ದು ಅಪ್ಪ ಮೊನ್ನೆ ಮೊನ್ನೆ ಹಾಕಿದ್ದು. ವ್ಯತ್ಯಾಸ ನೆರಳಿನದೋ ವಯಸ್ಸಿನದೋ ಅಂತ ಮೇಡಂ ಕೇಳಿದರೆ ನನ್ನ ಬಾಯಿ ಕಟ್ಟಿತು. ಮತ್ತೆ ಶುರು ಮಾಡಿದೆ. ಈ ಸಲ ಒಂದೇ ವಯಸ್ಸಿನ ಸಾಲು, ಗಿಡಗಿಡಕ್ಕೂ ನಂಬರು. ಕೆಲಸಕ್ಕೆ ಬರುವ ಅಕ್ಕ ಒಬ್ಬರ ಕಣ್ಣು ನನಗಿಂತ ಚುರುಕು, ಹಾಗಾಗಿ ಇಬ್ಬರೂ ಬೇರೆ ಬೇರೆ ಎಣಿಸಿ ಆಮೇಲೆ ತಾಳೆ ನೋಡುತ್ತಿದ್ದೆವು. ನಾನು ಬಿಟ್ಟದ್ದೇ ಜಾಸ್ತಿ. ಈ ನಡುವೆ ಅಪ್ಪನದು ಬೇರೆ ಗಲಾಟೆ. ಅಕ್ಟೋಬರ್‌ನಿಂದ ಡಿಸೆಂಬರ್ ದುಂಬಿ ಹೊರಗೆ ಬರುವ ಕಾಲ, ಅದಕ್ಕೆ ಮೊದಲೇ ಹುಳ ಹಿಡಿದ ಗಿಡ ಕಿತ್ತು ಸುಡಬೇಕು, ನನ್ನ ಎಣಿಕೆ ಮಾತ್ರ ಮುಗಿದಿರಲಿಲ್ಲ. "ನಿನ್ನ ಓದಿಗೆ ನನ್ನ ತೋಟ ಹೋಗಬೇಕಾ?" ಅಂದರು. ರಜೆ ಹಾಕಿ ವಾರದಲ್ಲಿ ಮುಗಿಸಿದೆ.

ಆಮೇಲೆ ಅದೇ ನೋಟ್‌ಬುಕ್ ಹಿಡಿದು ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಗೆ ಹೋದೆ. 1925ರಿಂದ ಕಾಫಿಯ ಮೇಲೆ ಕೆಲಸ ಮಾಡುತ್ತಿರುವ ಜಾಗ ಅದು. ಸುಮ್ನೆ ಆಸಕ್ತಿ ಇದೆ ಅಂದಿದ್ದರೆ ಐದು ನಿಮಿಷದಲ್ಲಿ ಕಳಿಸುತ್ತಿದ್ದರೇನೋ, ನಂಬರು ಕಂಡ ಮೇಲೆ ಕೂರಿಸಿ ಮಾತಾಡಿದರು. ಮುಂದೆ ಮೇಲ್ ಬರೆಯುವಾಗಲೂ ಹಾಗೇ, ಮೊದಲ ಎರಡು ಸಾಲಲ್ಲೇ ಎಣಿಕೆ ಮತ್ತು ಒಂದು ಪ್ರಶ್ನೆ. ಉತ್ತರ ಬರತೊಡಗಿತು. ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೂ ಇದನ್ನೇ ಬರೆದೆ, ಎರಡು ತಿಂಗಳು ಲ್ಯಾಬ್ ಕೆಲಸ ಸಿಕ್ಕಿತು.

ಪಿಎಚ್‌ಡಿ ಸಂದರ್ಶನದಲ್ಲಿ ಆ ಲ್ಯಾಬಿನ ಬಗ್ಗೆ ಒಂದೇ ಪ್ರಶ್ನೆ. ಉಳಿದ ಹೊತ್ತೆಲ್ಲ ಹಾಳಾದ ಮೊದಲ ತಿಂಗಳ ಮೇಲೆ: ತಪ್ಪು ಹೇಗೆ ಗೊತ್ತಾಯಿತು, ಆ ಎಣಿಕೆಯನ್ನು ಏನು ಮಾಡಿದೆ? ಪುಣ್ಯಕ್ಕೆ ಆ ಹಾಳೆಗಳನ್ನು ಹರಿದು ಹಾಕಿರಲಿಲ್ಲ, ಬ್ಯಾಗಿಂದ ತೆಗೆದು ಮೇಜಿನ ಮೇಲಿಟ್ಟೆ.