ಬಿ.ಎಚ್. ರಸ್ತೆಯ ಆ ತುದಿಯಿಂದ

ತುಮಕೂರಿನವಳಾದ ನನಗೆ ಬಿ.ಎಚ್. ರಸ್ತೆ ಅಂದರೆ ಟ್ರಾಫಿಕ್ಕು, ಕಾಲೇಜು ಹುಡುಗರು, ಸೀರೆ ಅಂಗಡಿ. ‘ಬಿ’ ಅಂದರೆ ಬೆಂಗಳೂರು, ‘ಎಚ್’ ಅಂದರೆ ಹೊನ್ನಾವರ ಅಂತ ಗೊತ್ತಿದ್ದರೂ ಹೊನ್ನಾವರದ ಆ ತುದಿ ಕಂಡಿದ್ದು ಈ ಏಪ್ರಿಲ್‌ನಲ್ಲೇ. ಹೆದ್ದಾರಿಗೆ ಮೊದಲು 206 ಅಂತ ನಂಬರಿತ್ತು. ಈಗ ಹೊನ್ನಾವರದಿಂದ ಬಾಣಾವರದವರೆಗೆ 69, ಅಲ್ಲಿಂದ ನಮ್ಮೂರಿಗೆ 73. ನಮ್ಮ ಬಾಯಲ್ಲಿ ಮಾತ್ರ ಬಿ.ಎಚ್. ರಸ್ತೆಯೇ.

ಗೆಳತಿಯ ತಂಗಿ ಮದುವೆಗೆ ಹೋಗಿದ್ದೆವು. ಹೋಗುವಾಗ ಗಾಡಿ ಓಡಿಸಿದ ತಮ್ಮ ಅಲ್ಲಿಂದಲೇ ಗೋವಾಕ್ಕೆ ರೈಲು ಹತ್ತಿದ. ಅಮ್ಮನನ್ನೂ ಮಗನನ್ನೂ ಕೂರಿಸಿಕೊಂಡು ಹತ್ತು ವರ್ಷದ ಪುಟ್ಟ ಕಾರನ್ನು ಘಟ್ಟ ಹತ್ತಿಸುವ ಸರದಿ ನನ್ನದು. ಸುಮಾರು 360 ಕಿಲೋಮೀಟರ್. ಘಟ್ಟದಲ್ಲಿ ನಾನು ಸ್ಟೇರಿಂಗ್ ಹಿಡಿದಿದ್ದು ಅದೇ ಮೊದಲು.

ಆರಕ್ಕೇ ಹೊರಡಬೇಕು ಅಂದುಕೊಂಡಿದ್ದೆ. ತಿಂಡಿ, ಮುರುಗಲು ಪಾನಕ, ತಾಂಬೂಲ ಎಲ್ಲ ಮುಗಿಯುವಾಗ ಹತ್ತು ಗಂಟೆ. ಸೀರೆ ಆಗಲೇ ಬೆನ್ನಿಗೆ ಅಂಟಿತ್ತು. ನಮ್ಮೂರ ಬಿಸಿಲು ಚುರುಗುಟ್ಟಿಸುತ್ತೆ, ನಿಜ. ಆದರೆ ನೆರಳಿಗೆ ಬಂದರೆ ಬೆವರು ಆರುತ್ತೆ. ಕರಾವಳಿಯಲ್ಲಿ ಗಾಳಿಯಲ್ಲೇ ನೀರು ತುಂಬಿರುವಾಗ ಬೆವರು ಎಲ್ಲಿಗೆ ಹೋಗಬೇಕು? ಫ್ಯಾನಿನ ಕೆಳಗೆ ಕೂತರೂ ಇಡ್ಲಿ ಪಾತ್ರೆಯೊಳಗೆ ಕೂತ ಹಾಗೆ.

ಗೇರುಸೊಪ್ಪೆ ದಾಟಿದ ಮೇಲೆ ಏರು ಶುರು. ಎಂಜಿನ್ ಸದ್ದು ಜಾಸ್ತಿಯಾದರೆ ಗಾಡಿಗೆ ಕಷ್ಟ ಅಂದುಕೊಂಡು ಮೂರನೇ ಗೇರಿನಲ್ಲೇ ಒತ್ತುತ್ತಿದ್ದೆ. ಅಲ್ಲೇ ಎಡವಿದ್ದು. ದೊಡ್ಡ ಗೇರಿನಲ್ಲಿ ಎಂಜಿನ್ ತಿಣುಕುತ್ತಾ ನಿಧಾನ ತಿರುಗಿದರೆ ಅದರ ಜೊತೆ ತಿರುಗುವ ನೀರಿನ ಪಂಪೂ ನಿಧಾನ, ಬಿಸಿ ಒಳಗೇ ಉಳಿಯುತ್ತೆ. ಎರಡನೇ ಗೇರಿಗೆ ಇಳಿಸಿ, ಕೂಗಿದರೆ ಕೂಗಲಿ ಅಂತ ಬಿಡಬೇಕಿತ್ತು. ಜೊತೆಗೆ ಏಸಿ ಬೇರೆ ಓಡುತ್ತಿತ್ತು. ನಾಲ್ಕೈದು ತಿರುವು ಕಳೆಯುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಮುಕ್ಕಾಲಿಗೆ ಬಂದಿತ್ತು.

ನಿಲ್ಲಿಸಲು ಜಾಗವಿಲ್ಲ, ಹಿಂದೆ ಲಾರಿ. ತಮ್ಮ ಯಾವಾಗಲೋ ಹೇಳಿದ್ದು ನೆನಪಾಯಿತು. ಏಸಿ ಆರಿಸಿ, ಕಿಟಕಿ ಇಳಿಸಿ, ಹೀಟರ್ ಪೂರ್ತಿ ತಿರುಗಿಸಿದೆ. ಎಂಜಿನ್ನಿನ ಬಿಸಿ ಕಾರಿನೊಳಗೆ ನುಗ್ಗಿತು.

“ತಲೆ ನೆಟ್ಟಗಿದೆಯೇನೇ ನಿಂಗೆ? ಬೇಯ್ತಿರೋದು ಸಾಲ್ದು ಅಂತ ಹೀಟರ್ ಬೇರೆನಾ?” ಅಂದರು ಅಮ್ಮ. ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮುಳ್ಳು ಕೂದಲೆಳೆಯಷ್ಟು ಇಳಿಯಿತು. ಮುಂದೆ ರಸ್ತೆ ಅಗಲವಾದ ಕಡೆ ನಿಲ್ಲಿಸಿ ಬಾನೆಟ್ ಎತ್ತಿದೆ.

ಹಿಂದಿದ್ದ ಲಾರಿಯೂ ನಿಂತಿತು. “ಅಕ್ಕಾರ, ಮುಚ್ಚಳಕ್ಕ ಕೈ ಹಚ್ಚಬ್ಯಾಡ್ರಿ, ಮಾರಿ ಸುಡತೈತಿ” ಅಂದ ಚಾಲಕ, ಅರ್ಧ ಗಂಟೆಯಾದರೂ ಕಾಯಿರಿ ಅಂತ ಹೇಳಿ ಹೋದ. ಬಿಸಿ ರೇಡಿಯೇಟರ್‌ನೊಳಗೆ ನೀರು ಒತ್ತಡದಲ್ಲಿರುತ್ತೆ, ಬಿಚ್ಚಿದರೆ ಚಿಮ್ಮುತ್ತೆ.

ಆರುತ್ತಿದ್ದ ಎಂಜಿನ್ ಟಿಕ್ ಟಿಕ್ ಅನ್ನುತ್ತಿತ್ತು. ಅದು ನಿಂತ ಮೇಲೆ ಜೀರುಂಡೆಗಳು. ಅವೂ ಒಟ್ಟಿಗೇ ನಿಂತವು. ಮದುವೆ ಮನೆಯ ಮೈಕು ಕಿವಿಯಲ್ಲಿ ಇನ್ನೂ ಗುಂಯ್ ಅನ್ನುತ್ತಿದೆ ಅಂತ ಗೊತ್ತಾಗಿದ್ದೇ ಆಗ. ಮಗ ಕೈ ಜಗ್ಗಿದ. ಮೇಲೆ ಕೊಂಬೆಯಲ್ಲಿ ಸಿಂಗಳೀಕ: ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೆ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಕಾಡಿನಲ್ಲಿ ಬೇರೆಲ್ಲೂ ಸಿಗದ ಪ್ರಾಣಿ. ಅಮ್ಮ ತೆಗೆದ ಬಾಳೆಹಣ್ಣನ್ನು ವಾಪಸ್ ಚೀಲಕ್ಕೆ ಹಾಕಿಸಿದೆ. ತಿನ್ನೋಕೆ ಸಿಗುತ್ತೆ ಅಂತ ರಸ್ತೆಗಿಳಿದರೆ ಚಕ್ರಕ್ಕೆ ಸಿಗುತ್ತವೆ.

ಮುಕ್ಕಾಲು ಗಂಟೆ ಬಿಟ್ಟು, ಬಟ್ಟೆ ಸುತ್ತಿ ಮುಚ್ಚಳ ತೆಗೆದು, ಮಗನ ಬಾಟಲಿ ನೀರು ಸುರಿದು ಹೊರಟೆ. ಎರಡನೇ ಗೇರು, ಏಸಿ ಇಲ್ಲ, ಪ್ರತಿ ತಿರುವಿಗೂ ಹಾರ್ನ್. ಮುಳ್ಳು ಅರ್ಧ ದಾಟಲಿಲ್ಲ. ಮಾವಿನಗುಂಡಿ ಬರುವಾಗ ಅಮ್ಮ ಸೆರಗಿನಿಂದ ಗಾಳಿ ಹಾಕಿಕೊಳ್ಳುವುದನ್ನು ಬಿಟ್ಟಿದ್ದರು. ಸಾವಿರ ಮೀಟರ್ ಏರಿದರೆ ಆರೂವರೆ ಡಿಗ್ರಿ ಇಳಿಯುತ್ತೆ ಅನ್ನುವ ಲೆಕ್ಕದಲ್ಲಿ ಅಲ್ಲಿಗೆ ಇಳಿದಿದ್ದು ಮೂರ್ನಾಲ್ಕು ಡಿಗ್ರಿ ಇರಬಹುದು. ಆದರೆ ಬೆವರು ಆರುತ್ತಿತ್ತು.

ಜೋಗದಲ್ಲಿ 253 ಮೀಟರ್ ಬಂಡೆಯ ಮೇಲೆ ನಾಲ್ಕು ಬಿಳಿ ಗೆರೆ, ಅಷ್ಟೆ. ಮೇಲೆ ಲಿಂಗನಮಕ್ಕಿಯಲ್ಲಿ ಕಟ್ಟಿಹಾಕಿದ ನೀರು ಬೇಸಿಗೆಯಲ್ಲಿ ಯಾಕೆ ಬಂದೀತು! ಸಾಗರದಲ್ಲಿ ಊಟ, ಅಮ್ಮನಿಗೆ ಉಪ್ಪಿನಕಾಯಿಗೆ ಅಪ್ಪೆಮಿಡಿ. ಆಮೇಲೆ ಶಿವಮೊಗ್ಗ, ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು. ಮನೆ ಸೇರುವಾಗ ರಾತ್ರಿ ಹತ್ತೂವರೆ.

ಮರುದಿನ ಮೆಕ್ಯಾನಿಕ್ ರೇಡಿಯೇಟರ್ ಖಾಲಿ ಮಾಡಿದ. ಕಾಯಿಸಿ ಕಾಯಿಸಿ ಇಟ್ಟ ಟೀ ಬಣ್ಣದ ನೀರು, ತಳದಲ್ಲಿ ಬಿಳಿ ಪುಡಿ.

“ಕೂಲೆಂಟ್ ಬದಲು ಏನ್ ಹಾಕಿದ್ರಿ ಮೇಡಂ?”

ಎಂಜಿನ್ ತಣಿಸುವ ಆ ದ್ರವ ಕಳೆದ ಬೇಸಿಗೆಯಿಂದ ಕಡಿಮೆಯಾದಾಗಲೆಲ್ಲ ಬೋರ್‌ವೆಲ್ ನೀರನ್ನೇ ಹಾಕಿದ್ದು ನಾನೇ. ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆ. ಬಾಗಿಲಲ್ಲಿ ನಿಂತಿದ್ದ ಅಮ್ಮ ಹೇಳಿಯೇಬಿಟ್ಟರು: “ನಮ್ಮನೆ ಹಂಡೆ ತಳ ನೋಡಪ್ಪ, ಅಲ್ಲೂ ಇದೇ ಸುಣ್ಣ.”