ಮಲಗಿದಾಗ ಒಂದು ಬಿಪಿ, ನಿಂತಾಗ ಇನ್ನೊಂದು: ನಾನು ಬರೆದಿಡೋ ರೀತಿ
ಬಿಪಿ ಅಂದ್ರೆ ಜಾಸ್ತಿ ಆಗೋ ಕಾಯಿಲೆ ಅಂತಲೇ ಎಲ್ರಿಗೂ ಗೊತ್ತು, ನಂದು ಎದ್ದು ನಿಂತ ಕೂಡ್ಲೇ ಇಳಿಯೋ ಬಿಪಿ, ಡಾಕ್ಟ್ರು ಇದಕ್ಕೆ ಆರ್ಥೋಸ್ಟ್ಯಾಟಿಕ್ ಹೈಪೊಟೆನ್ಷನ್ ಅಂತಾರೆ. ಎದ್ರೆ ಕಣ್ಣು ಕತ್ತಲೆ ಬರುತ್ತೆ, ಕಾಲಲ್ಲಿ ಶಕ್ತಿನೇ ಇರಲ್ಲ, ಕುತ್ತಿಗೆಯಿಂದ ಎರಡೂ ಭುಜದವರೆಗೂ ಹಿಡ್ಕೊಂಡಂಗೆ ನೋವು, ಕೂತ್ರೆ ಎಲ್ಲಾ ಸರಿಹೋಗುತ್ತೆ. ಕುರ್ಚಿ ಮೇಲೆ ಕೂರಿಸಿ ಬಿಪಿ ನೋಡಿದ್ರೆ ಇದು ಸಿಗೋದೇ ಕಷ್ಟ, ಅದಕ್ಕೇ ಮನೇಲಿ ನಾವೇ ನಿಂತು ನೋಡಿ ಬರೆದಿಡ್ಬೇಕು ಅಂತ ನಾನು ಎಲ್ರಿಗೂ ಹೇಳೋದು.

ಬೆಳಿಗ್ಗೆ ಬಾತ್‌ರೂಮಿಗೆ ಹೋಗ್ಬಂದು, ಕಾಫಿಗೂ ಮಾತ್ರೆಗೂ ಮುಂಚೆ, ಮತ್ತೆ ಐದು ನಿಮಿಷ ಸುಮ್ನೆ ಮಲಗ್ತೀನಿ, ಮಾತಿಲ್ಲ ಮೊಬೈಲ್ ಇಲ್ಲ. ಮಲಗಿದ್ದಂಗೇ ಒಂದು ರೀಡಿಂಗ್. ಆಮೇಲೆ ಎದ್ದು ನಿಂತು 1 ನಿಮಿಷಕ್ಕೆ ಒಂದು, 3 ನಿಮಿಷಕ್ಕೆ ಇನ್ನೊಂದು. ನಿಂತಾಗ ಕೈ ಜೋತು ಬಿಟ್ರೆ ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ, ಹಂಗಾಗಿ ಪಟ್ಟಿ ಕಟ್ಟಿರೋ ತೋಳು ಎದೆ ಮಟ್ಟಕ್ಕೆ ಬರೋ ಥರ ಕೈನ ಬೀರು ಪಕ್ಕದ ಸ್ಟ್ಯಾಂಡ್ ಮೇಲೆ ಇಡ್ತೀನಿ. ಆ ಹೊತ್ತಲ್ಲಿ ಮನೆಯವ್ರು ಯಾರಾದ್ರೂ ಹತ್ರ ಇರ್ಲೇಬೇಕು, ತಲೆ ಸುತ್ತಿದ್ರೆ ರೀಡಿಂಗ್ ಬಿಟ್ಟು ಕೂತ್ಬಿಡಿ, ಬಿದ್ದು ಸೊಂಟ ಮುರ್ಕೊಳ್ಳೋದು ಬೇಡ.

ಮೂರು ನಿಮಿಷದೊಳಗೆ ಮೇಲಿನ ನಂಬರ್ 20 ಅಥವಾ ಕೆಳಗಿನದು 10 ಇಳಿದ್ರೆ ಅದು ಈ ತೊಂದ್ರೆ. ನಂದು ಮಲಗಿದಾಗ 138/82 ಇದ್ದದ್ದು ನಿಂತಾಗ 106/68 ಆಗಿರೋದುಂಟು. ಪಲ್ಸ್ ಕೂಡ ಬರೀರಿ, ಬಹಳ ಜನ ಅದನ್ನ ಬಿಡ್ತಾರೆ. ಬಿಪಿ ಇಷ್ಟು ಇಳಿದ್ರೂ ಪಲ್ಸ್ ಏರದೇ ಇದ್ರೆ ನರದ ಕಡೆಯಿಂದ ಬಂದಿರಬಹುದು ಅಂತ ಡಾಕ್ಟ್ರು ಯೋಚ್ನೆ ಮಾಡ್ತಾರೆ, ಬಿಪಿ ಇಳೀದೇ 10 ನಿಮಿಷದೊಳಗೆ ಪಲ್ಸ್ ಮಾತ್ರ 30 ಅಥವಾ ಅದಕ್ಕಿಂತ ಜಾಸ್ತಿ ಏರಿ ಹಂಗೇ ನಿಂತ್ರೆ ಪಾಟ್ಸ್ ಅನ್ನೋ ಬೇರೆ ಕಾಯಿಲೆ ಇರಬಹುದಾ ಅಂತ ನೋಡ್ತಾರೆ.

ನಂಬರಿಗಿಂತ ನಂಗೆ ಹೆಚ್ಚು ಉಪಯೋಗ ಆಗಿರೋದು ಅದರ ಪಕ್ಕದ ಕಾಲಂ. ಏನ್ ತಿಂದೆ, ಎಷ್ಟು ನೀರು ಕುಡಿದೆ, ಬಿಸಿನೀರು ಸ್ನಾನ ಆಗಿತ್ತಾ, ಯಾವ ಮಾತ್ರೆ ಎಷ್ಟು ಹೊತ್ತಿಗೆ, ಎಲ್ಲಾ ಅಲ್ಲೇ. ಮಧ್ಯಾಹ್ನ ಹೊಟ್ಟೆ ತುಂಬಾ ಅನ್ನ ಸಾರು ಉಂಡ್ಮೇಲೆ ಬಿಪಿ ಜಾಸ್ತಿ ಇಳಿಯುತ್ತೆ ಅನ್ನೋದು ಆ ಪುಟಗಳಿಂದಲೇ ಕಾಣಿಸ್ತು, ಈಗ ಸ್ವಲ್ಪ ಸ್ವಲ್ಪ ಊಟ, ಉಂಡ ತಕ್ಷಣ ಓಡಾಟ ಇಲ್ಲ. ಪ್ರಾಸ್ಟೇಟ್‌ಗೆ ತಗೋತಿದ್ದ ಟ್ಯಾಮ್ಸುಲೋಸಿನ್ ಮಾತ್ರೆಯಿಂದಲೂ ಬಿಪಿ ಇಳಿಯಬಹುದು, ಅದರ ಟೈಮ್ ಪಕ್ಕದಲ್ಲೇ ತಲೆಸುತ್ತು ಬರೆದಿದ್ದು ನೋಡಿ ಡಾಕ್ಟ್ರೇ ರಾತ್ರಿ ಮಲಗೋ ಹೊತ್ತಿಗೆ ಬದಲಾಯಿಸಿದ್ರು. ರಾತ್ರಿ ಮೂತ್ರಕ್ಕೆ ಎದ್ರೆ ಹಾಸಿಗೆ ಅಂಚಲ್ಲಿ ಸ್ವಲ್ಪ ಕೂತು ಕಾಲು ಆಡಿಸಿಯೇ ಏಳ್ತೀನಿ.

ಉಪ್ಪು ಜಾಸ್ತಿ ತಿನ್ನಿ ಅಂತ ಹೇಳೋರು ತುಂಬಾ ಜನ ಸಿಗ್ತಾರೆ, ದಯವಿಟ್ಟು ಡಾಕ್ಟ್ರನ್ನ ಕೇಳದೆ ಮಾಡ್ಬೇಡಿ, ನಮ್ಮಂಥವರಲ್ಲಿ ಕೆಲವರಿಗೆ ಮಲಗಿದಾಗ ಬಿಪಿ ಏರುತ್ತೆ, ಅದಕ್ಕೇ ರಾತ್ರಿ ಮಲಗಿದಾಗಿನ ರೀಡಿಂಗೂ ಬೇಕು. ಮಷೀನ್ ತೋಳಿಗೆ ಕಟ್ಟೋದೇ ತಗೊಳ್ಳಿ, ತೋಳು ದಪ್ಪ ಇದ್ರೆ ದೊಡ್ಡ ಪಟ್ಟಿ, ಚಿಕ್ಕದಾದ್ರೆ ನಂಬರ್ ಸುಳ್ಳು ಬರುತ್ತೆ. ಪ್ರಜ್ಞೆ ತಪ್ಪಿದ್ರೆ, ಎದೆನೋವು ಬಂದ್ರೆ, ಮಾತು ತೊದಲಿದ್ರೆ ಬರೆಯೋಕೆ ಕೂರ್ಬೇಡಿ, ಸೀದಾ ಆಸ್ಪತ್ರೆಗೆ ಹೋಗಿ, ನೋಟ್‌ಬುಕ್ ಮನೆಯವ್ರು ತರ್ತಾರೆ.