ಒಂದೇ ಬೀದಿಯನ್ನು ದಾಖಲಿಸುವುದು: ದೂರ, ಬೆಳಕು, ಟಿಪ್ಪಣಿ

ಕ್ಯಾಮೆರಾ ಹಿಡಿದು ಊರೆಲ್ಲ ಸುತ್ತಿದರೆ ಚೆಂದದ ಬಿಡಿ ಚಿತ್ರಗಳು ಸಿಗುತ್ತವೆ, ದಾಖಲೆ ಸಿಗುವುದು ಕಷ್ಟ. ಅದಕ್ಕೆ ಒಂದು ಜಾಗಕ್ಕೆ ಅಂಟಿಕೊಳ್ಳಬೇಕು: ಬಸ್ ನಿಲ್ದಾಣದ ಗೇಟು, ಮಾರುಕಟ್ಟೆಯ ಒಂದು ಸಾಲು, ನಾಲ್ಕು ರಸ್ತೆ ಕೂಡುವ ಮೂಲೆ. ಆ ತುದಿಯಿಂದ ಈ ತುದಿಗೆ ಐದು ನಿಮಿಷದಲ್ಲಿ ನಡೆದು ಮುಗಿಯುವಷ್ಟಿದ್ದರೆ ಸಾಕು. ಮೊದಲ ಒಂದೆರಡು ಸಲ ಕ್ಯಾಮೆರಾ ಹೊರತೆಗೆಯದೆ ನೋಡಿ ಬನ್ನಿ. ಬಿಸಿಲು ಯಾವ ಗೋಡೆಗೆ ಎಷ್ಟು ಹೊತ್ತಿಗೆ ಬೀಳುತ್ತದೆ, ಜನ ಯಾವ ಕಡೆಯಿಂದ ಬರುತ್ತಾರೆ, ದಿನವೂ ಅಲ್ಲೇ ಇರುವವರು ಯಾರು, ಇಷ್ಟನ್ನು ಬರೆದಿಟ್ಟುಕೊಳ್ಳಿ.

ಲೆನ್ಸ್ ಒಂದೇ ಸಾಕು, 28 ಅಥವಾ 35 ಎಂಎಂ (ಈ ಅಂಕಿ ಕಡಿಮೆಯಾದಷ್ಟೂ ನೋಟ ಅಗಲ). ಟೆಲಿ ಲೆನ್ಸಿನಲ್ಲಿ ದೂರದಿಂದ ಕದ್ದು ತೆಗೆದ ಮುಖದ ಹಿಂದೆ ಜಾಗವೇ ಉಳಿದಿರುವುದಿಲ್ಲ. ಮೊಬೈಲಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 24–26 ಎಂಎಂಗೆ ಸಮ, ಧಾರಾಳವಾಗಿ ಬಳಸಬಹುದು. ಝೂಮ್ ಮಾತ್ರ ಮುಟ್ಟಬೇಡಿ, ಎರಡು ಹೆಜ್ಜೆ ಮುಂದೆ ಹೋಗಿ.

ಇನ್ನು ಫೋಕಸ್. ಬೀದಿಯಲ್ಲಿ ಆಟೋಫೋಕಸ್ ಎಷ್ಟೇ ಚುರುಕಾಗಿದ್ದರೂ ನಡುವೆ ಹಾದುಹೋದ ಭುಜವನ್ನು ಹಿಡಿದು ಕೂರುತ್ತದೆ. ಹಾಗಾಗಿ ದೂರವನ್ನು ಮೊದಲೇ ಕಟ್ಟಿಟ್ಟುಕೊಳ್ಳಬೇಕು. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 35 ಎಂಎಂ ಲೆನ್ಸನ್ನು ಎಫ್ 8ಕ್ಕೆ ಇಟ್ಟು (ಎಫ್ ಅಂಕಿ ದೊಡ್ಡದಾದಷ್ಟೂ ಲೆನ್ಸಿನ ದ್ವಾರ ಕಿರಿದು) 2.5 ಮೀಟರಿಗೆ ಫೋಕಸ್ ಮಾಡಿದರೆ ಸುಮಾರು 1.7ರಿಂದ 4.8 ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಎಫ್ 11ರಲ್ಲಿ ಅದೇ 1.5ರಿಂದ 7.4 ಮೀಟರಿಗೆ ಹಿಗ್ಗುತ್ತದೆ. 28 ಎಂಎಂ ಲೆನ್ಸಿಗೆ ಎಫ್ 8ರಲ್ಲೇ 1.4ರಿಂದ 10 ಮೀಟರ್ ಸಿಗುತ್ತದೆ. ಹೊಸಬರಿಗೆ ಇದೇ ಮೇಲು. ಲೆನ್ಸಿನ ಮೇಲೆ ದೂರದ ಗುರುತು ಇಲ್ಲದಿದ್ದರೆ 2.5 ಮೀಟರ್ ದೂರದ ಕಂಬವೊಂದಕ್ಕೆ ಆಟೋಫೋಕಸ್ ಮಾಡಿ, ಹಾಗೇ ಮ್ಯಾನುಯಲ್‌ಗೆ ತಿರುಗಿಸಿ. ಕೆಲವು ಕ್ಯಾಮೆರಾಗಳು ಆಫ್ ಮಾಡಿದ ಕೂಡಲೇ ಈ ಫೋಕಸನ್ನು ಮರೆತುಬಿಡುತ್ತವೆ, ಮೊದಲೇ ಪರೀಕ್ಷಿಸಿ. ಬ್ಯಾಗಿನಲ್ಲಿ ಉಜ್ಜಿ ಫೋಕಸ್ ರಿಂಗು ತಿರುಗಿಬಿಡುವುದಂತೂ ಮಾಮೂಲು. ಗ್ಯಾಫರ್ ಟೇಪಿನ (ಕಿತ್ತರೆ ಅಂಟು ಉಳಿಯದ ಬಟ್ಟೆಯ ಟೇಪು) ಸಣ್ಣ ತುಂಡು ಅಂಟಿಸಿದರೆ ಆ ಕಾಟ ಮುಗಿಯಿತು.

2.5 ಮೀಟರ್ ಎಂದರೆ ಎಷ್ಟು ಅಂತ ಕಣ್ಣಿಗೆ ಗೊತ್ತಾಗಬೇಕಲ್ಲ. ಮನೆಯಲ್ಲಿ ಟೇಪಿನಿಂದ ಅಳೆದು ನೆಲಕ್ಕೆ ಗುರುತು ಹಾಕಿ, ಅಲ್ಲೊಬ್ಬರನ್ನು ನಿಲ್ಲಿಸಿ. 35 ಎಂಎಂ ಲೆನ್ಸಿನ ಕ್ಯಾಮೆರಾವನ್ನು ಅಡ್ಡ ಹಿಡಿದರೆ ಆ ದೂರದಲ್ಲಿ ಫ್ರೇಮಿನ ಎತ್ತರ ಸುಮಾರು 1.7 ಮೀಟರ್, ಅಂದರೆ ಒಬ್ಬ ವ್ಯಕ್ತಿ ನೆತ್ತಿಯಿಂದ ಪಾದದವರೆಗೆ ಹೆಚ್ಚುಕಡಿಮೆ ಪೂರ್ತಿ ತುಂಬುತ್ತಾರೆ. ಬೀದಿಯಲ್ಲಿ ಅದೇ ಅಳತೆಗೋಲು. ಪಾದದ ಕೆಳಗೆ ರಸ್ತೆ ಧಾರಾಳವಾಗಿ ಕಾಣುತ್ತಿದ್ದರೆ ನೀವಿನ್ನೂ ದೂರ ಇದ್ದೀರಿ. ಮಂಡಿಗೆ ಕತ್ತರಿಸಿದರೆ ಸ್ಪಷ್ಟತೆಯ ಹತ್ತಿರದ ಗಡಿಯಾದ 1.7 ಮೀಟರಿಗೆ ಬಂದಿದ್ದೀರಿ.

ಶಟರ್ ಸ್ಪೀಡ್ (ಶಟರ್ ತೆರೆದಿರುವ ಹೊತ್ತು) 1/500 ಸೆಕೆಂಡಿಗಿಂತ ನಿಧಾನವಾಗದಿರಲಿ. ನಡೆಯುವವರು ಎರಡು ಮೀಟರ್ ದೂರದಲ್ಲಿ ಅಡ್ಡ ಹಾದರೆ 1/125ರಲ್ಲಿ ಸೆಂಟಿಮೀಟರಿನಷ್ಟು ಸರಿದಿರುತ್ತಾರೆ, ಕಣ್ಣುಮೂಗು ಕದಡಿಹೋಗುತ್ತದೆ. ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ ಹೇಳುವ ಐಎಸ್‌ಒ ಆಟೋದಲ್ಲಿರಲಿ, ಮಿತಿ 6400. ಹರಳುಹರಳಾದ ಚಿತ್ರ ನಡೆಯುತ್ತದೆ, ಅಲುಗಿದ್ದನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಸರಿಮಾಡದು. ಸುಡುಬಿಸಿಲಿನಲ್ಲಿ ಎಫ್ 11ಕ್ಕೆ ಹೋಗಿ, ಎಕ್ಸ್‌ಪೋಶರನ್ನು ಮೂರನೇ ಎರಡು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ), ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲಿನಲ್ಲಿ ತೆಗೆಯಿರಿ. ನೆರಳನ್ನು ಆಮೇಲೆ ಎತ್ತಬಹುದು, ಸುಟ್ಟು ಬಿಳಿಯಾದ ಅಂಗಿಯಲ್ಲಿ ಎತ್ತಲು ಏನೂ ಉಳಿದಿರುವುದಿಲ್ಲ.

ಕತ್ತಲಾದ ಮೇಲೆ ಲೆಕ್ಕವೇ ಬೇರೆ. 35 ಎಂಎಂ ಲೆನ್ಸನ್ನು ಎಫ್ 2ಕ್ಕೆ ತೆರೆದರೆ 2.5 ಮೀಟರಿನ ಸುತ್ತ ಸ್ಪಷ್ಟವಾಗಿರುವ ಜಾಗ 60 ಸೆಂಟಿಮೀಟರಿಗೆ ಕುಗ್ಗುತ್ತದೆ. ಆಗ ಆಟೋಫೋಕಸ್ಸೇ ಗತಿ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಟ್ಯೂಬ್‌ಲೈಟ್, ಎಲ್‌ಇಡಿ ಕೆಳಗೆ ಅಡ್ಡಪಟ್ಟಿ ಬಂದರೆ ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿ, 1/100 ಇಡಿ. ಈ ದೀಪಗಳು ವಿದ್ಯುತ್ತಿನ ಲಯಕ್ಕೆ ಮಿನುಗುವುದರಿಂದ ಪಟ್ಟಿ ಬರುತ್ತದೆ. 1/100 ಎಂಬುದು ಭಾರತದಂಥ 50 ಹರ್ಟ್ಝ್ ವಿದ್ಯುತ್ತಿನ ದೇಶಕ್ಕೆ; 60 ಹರ್ಟ್ಝ್ ಇದ್ದಲ್ಲಿ 1/120ಕ್ಕೆ ಹತ್ತಿರದ್ದು. ಈ ಸ್ಪೀಡಿನಲ್ಲಿ ನಡೆಯುವವರು ಕದಡುತ್ತಾರೆ, ನಿಂತವರನ್ನು ಆರಿಸಿಕೊಳ್ಳಿ.

ಜನರ ವಿಷಯದಲ್ಲಿ ಮುಚ್ಚುಮರೆ ಬೇಡ. ಕ್ಯಾಮೆರಾ ಎದೆಯ ಮೇಲೆ ಎಲ್ಲರಿಗೂ ಕಾಣುವಂತಿರಲಿ. ಕಣ್ಣಿಗೆ ಕಣ್ಣು ಸಿಕ್ಕರೆ ತಲೆಯಾಡಿಸಿ, ಕೇಳಿದರೆ ಸ್ಕ್ರೀನ್ ತೋರಿಸಿ, ಬೇಡ ಎಂದರೆ ಎದುರಿಗೇ ಅಳಿಸಿ. ನಿದ್ದೆಯಲ್ಲಿರುವವರು, ಕಾಯಿಲೆಯವರು, ಮಕ್ಕಳು ಇದ್ದಲ್ಲಿ ಕೈ ಹಿಂದೆ ತೆಗೆಯುವುದೇ ಸರಿ, ಕಾನೂನು ಒಪ್ಪಿದರೂ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಜಾಹೀರಾತಿಗೆ ಬಳಸುವುದಾದರೆ ಲಿಖಿತ ಒಪ್ಪಿಗೆ ಪಡೆದುಕೊಳ್ಳಿ. ಮುಂದಿನ ಸಲ ಹೋಗುವಾಗ 4×6 ಪ್ರಿಂಟ್ ಒಯ್ದು ಕೊಟ್ಟರೆ ತೆರೆಯುವ ಬಾಗಿಲು ಯಾವ ಗುರುತಿನ ಚೀಟಿಗೂ ತೆರೆಯದು.

ಬಹಳ ಮಂದಿ ಎಡವುವುದು ಟಿಪ್ಪಣಿಯಲ್ಲಿ. ಕ್ಯಾಮೆರಾದ ಗಡಿಯಾರ ಸರಿಯಿದೆಯೇ ಎಂದು ಮೊದಲೇ ನೋಡಿ. ಜಾಗ ಬಿಡುವ ಮುಂಚೆ ಮೊಬೈಲಿನಲ್ಲಿ ಒಂದು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ: ಎಲ್ಲಿ, ಎಷ್ಟು ಹೊತ್ತಿಗೆ, ಯಾರು, ಏನು ಮಾಡುತ್ತಿದ್ದರು, ಏಕೆ. ಅಂದೇ ರಾತ್ರಿ ಅದನ್ನು ಫೈಲಿನ ಮೆಟಾಡೇಟಾಕ್ಕೆ (ಚಿತ್ರದ ಜೊತೆಗೇ ಉಳಿಯುವ ಮಾಹಿತಿ) ಸೇರಿಸಿ. ‘ಬದುಕಿನ ಬವಣೆ’ ಎಂಬ ಶೀರ್ಷಿಕೆ ಯಾರಿಗೂ ಏನೂ ಹೇಳುವುದಿಲ್ಲ. ‘ಸಂಜೆ 5:40, ಉತ್ತರದ ಗೇಟು, ಕೊನೆಯ ಬಸ್ಸಿನ ಮೇಲೆ ಈರುಳ್ಳಿ ಮೂಟೆ ಏರಿಸುತ್ತಿರುವ ಹಮಾಲಿ’ ಎಂದಿದ್ದರೆ 20 ವರ್ಷದ ಮೇಲೂ ಆ ಚಿತ್ರಕ್ಕೆ ಬೆಲೆ.

ಮನೆಗೆ ಬಂದ ಕೂಡಲೇ ಎರಡು ಡಿಸ್ಕಿಗೆ ನಕಲು. ಮೂರನೆಯದು ಬೇರೆ ಕಟ್ಟಡದಲ್ಲಿ ಇಲ್ಲವೇ ಕ್ಲೌಡಿನಲ್ಲಿ. ಎರಡು ನಕಲು ತೆರೆದು ನೋಡುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ.

ಆಯ್ಕೆಗೆ ಆತುರ ಬೇಡ, ಎರಡು ಮೂರು ವಾರ ಬಿಟ್ಟು ಕೂರಿ. ತೆಗೆದ ದಿನದ ಹುಮ್ಮಸ್ಸು ಇಳಿದಿರುತ್ತದೆ. ಹಾಗಂತ ರಾಶಿ ಬೀಳಿಸಲೂಬಾರದು: ಅಮೆರಿಕದ ಬೀದಿ ಛಾಯಾಗ್ರಾಹಕ ಗ್ಯಾರಿ ವಿನೋಗ್ರ್ಯಾಂಡ್ 1984ರಲ್ಲಿ ತೀರಿಕೊಂಡಾಗ ಸುಮಾರು 2,500 ರೋಲುಗಳು ಡೆವಲಪ್ ಆಗದೆ ಉಳಿದಿದ್ದವು. ಛಾಯಾಗ್ರಾಹಕ ರಾಬರ್ಟ್ ಫ್ರ್ಯಾಂಕ್ ಅಮೆರಿಕ ಸುತ್ತಿ ತೆಗೆದ 27,000ಕ್ಕೂ ಹೆಚ್ಚು ಫ್ರೇಮುಗಳಲ್ಲಿ ‘ದಿ ಅಮೆರಿಕನ್ಸ್’ ಪುಸ್ತಕ ಸೇರಿದ್ದು 83. ನೀವೂ ಅಷ್ಟೇ ನಿಷ್ಠುರವಾಗಿರಿ. 40 ಸಣ್ಣ ಪ್ರಿಂಟುಗಳನ್ನು ನೆಲದ ಮೇಲೆ ಹರಡಿ. ಒಂದೇ ಮಾತು ಹೇಳುವ ಎರಡು ಚಿತ್ರಗಳಿದ್ದರೆ ಒಂದನ್ನು ತೆಗೆಯುತ್ತ 15–20ಕ್ಕೆ ಇಳಿಸಿ. ಉಳಿದದ್ದರಲ್ಲಿ ಇಡೀ ಜಾಗದ ನೋಟ, ಕೆಲಸ ಮಾಡುವ ಕೈ, ಮುಖ, ಜನರಿಲ್ಲದ ಹೊತ್ತು ಎಲ್ಲ ಇವೆಯೇ? ಇಲ್ಲದ್ದನ್ನು ಬರೆದುಕೊಂಡು ಮತ್ತೆ ಅಲ್ಲಿಗೇ ಹೋಗಿ.

ಬೆಳಕು ಹೆಚ್ಚುಕಡಿಮೆ ಮಾಡಬಹುದು, ಕ್ರಾಪ್ ಮಾಡಬಹುದು. ಕಂಬ ಅಳಿಸುವಂತಿಲ್ಲ, ‘ಇನ್ನೊಮ್ಮೆ ನಡೆದು ಬನ್ನಿ’ ಎನ್ನುವಂತಿಲ್ಲ. ವರ್ಲ್ಡ್ ಪ್ರೆಸ್ ಫೋಟೊದಂಥ ಸುದ್ದಿಚಿತ್ರ ಸ್ಪರ್ಧೆಗಳು ಮೂಲ ಫೈಲನ್ನೇ ಕೇಳುತ್ತವೆ, ಅದನ್ನು ಎಂದೂ ಅಳಿಸಬೇಡಿ. ಇನ್ನು ಯಾರಿಗಾದರೂ ತೊಂದರೆ ತರಬಹುದಾದ ಚಿತ್ರವಿದ್ದರೆ, ಹೊರಗೆ ಕೊಡುವ ನಕಲಿನಿಂದ ಹೆಸರು ಮತ್ತು ಜಿಪಿಎಸ್ ಎರಡನ್ನೂ ತೆಗೆದುಹಾಕಿ, ಮೂಲದಲ್ಲಿ ಮಾತ್ರ ಉಳಿಸಿಕೊಳ್ಳಿ.